ಸೆಕೆಂಡ್‌ಹ್ಯಾಂಡ್ ಕ್ಯಾಟಲಿಸ್ಟ್ 2960: ವಿಲ್ಯಾನ್‌ಗೊಂದು ಮರ ಕಟ್ಟುವ ಸ್ವಿಚ್

ಈ ವಿಮರ್ಶೆ ಸಿಸ್ಕೊ ಕ್ಯಾಟಲಿಸ್ಟ್ 2960 ಸರಣಿಯ 24 ಪೋರ್ಟಿನ ಸ್ವಿಚ್ (ಕಟ್ಟಡದ ಕಂಪ್ಯೂಟರು, ಕ್ಯಾಮೆರಾಗಳನ್ನು ಕೇಬಲ್‌ನಿಂದ ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ) ಕುರಿತದ್ದು. ಹೊಸದಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಮಾಲು. ಇದರ ಮಾರಾಟ ನಿಂತು ವರ್ಷಗಳಾದವು, ತಯಾರಕರ ಬೆಂಬಲವೂ ಮುಗಿದಿದೆ, 24 ಪೋರ್ಟ್‌ಗಳೂ 100 ಮೆಗಾಬಿಟ್ ವೇಗದವು. ಇಂಥದ್ದನ್ನು ಈಗ ದುಡ್ಡು ಕೊಟ್ಟು ತರುವವರು ಯಾರು ಎಂದು ಓದುಗರು ಕೇಳಿದರೆ ತಪ್ಪಿಲ್ಲ. ನಾನು ಒಂದಲ್ಲ, ಮೂರು ತಂದೆ. ನಾನು ನೋಡಿಕೊಳ್ಳುವ ಒಂದು ಹಾಸ್ಟೆಲಿನ ನೆಟ್‌ವರ್ಕ್‌ನಲ್ಲಿ ಇದೇ ಮಾದರಿಯ ಮೂರು ಸ್ವಿಚ್‌ಗಳಿವೆ. ಒಂದು ಶನಿವಾರ ಸಂಜೆ ಅಲ್ಲಿ, ಪಠ್ಯಪುಸ್ತಕದ ಪ್ರಕಾರ ಸಂಪೂರ್ಣ ಸರಿಯಾದ ಎರಡು ಆದೇಶಗಳನ್ನು ಕೊಟ್ಟು ಒಂದು ಇಡೀ ಬ್ಲಾಕಿನ ಕ್ಯಾಮೆರಾಗಳನ್ನು ಕತ್ತಲೆಗೆ ತಳ್ಳಿದ್ದೆ. ಅದು ಹೇಗಾಯಿತೆಂಬುದನ್ನು ಮನೆಯ ಮೇಜಿನ ಮೇಲೆ ಮತ್ತೆ ಕಟ್ಟಿ ನೋಡದೆ ನನಗೆ ಸಮಾಧಾನವಿರಲಿಲ್ಲ. ಮೂರಕ್ಕೂ ಸೇರಿ ಕೊಟ್ಟ ಹಣ ಒಂದು ಸಾಧಾರಣ ಮೊಬೈಲಿನ ಬೆಲೆಯನ್ನು ದಾಟಲಿಲ್ಲ.

ಕೊಳ್ಳುವಾಗ ಮಾದರಿ ಸಂಖ್ಯೆಯ ಕೊನೆಯ ಅಕ್ಷರವನ್ನು ಓದಲೇಬೇಕು. 24ಟಿಸಿ-ಎಲ್ ಎಂದಿದ್ದರೆ ಅದರಲ್ಲಿ ಲ್ಯಾನ್ ಬೇಸ್ ತಂತ್ರಾಂಶವಿರುತ್ತದೆ. 24ಟಿಸಿ-ಎಸ್ ಎಂದಿದ್ದರೆ ಲ್ಯಾನ್ ಲೈಟ್. ಹೊರಗಿನಿಂದ ಎರಡೂ ಅವಳಿಗಳಂತೆ ಕಾಣುತ್ತವೆ, ಆದರೆ ಎರಡನೆಯದು ನಿಭಾಯಿಸುವ ವಿಲ್ಯಾನ್‌ಗಳೂ (ಒಂದೇ ತಂತಿಯೊಳಗೆ ಬೇರೆಬೇರೆಯಾಗಿ ಹರಿಯುವ ನೆಟ್‌ವರ್ಕ್‌ಗಳು) ಸ್ಪ್ಯಾನಿಂಗ್ ಟ್ರೀಗಳೂ (ಸುತ್ತು ಉಂಟಾಗದಂತೆ ದಾರಿ ಆರಿಸುವ ‘ಮರ’ಗಳು, ಮುಂದೆ ವಿವರಿಸುತ್ತೇನೆ) ಬಹಳ ಕಡಿಮೆ. ನನಗೆ ತೋರಿಸಿದ ರಾಶಿಯಲ್ಲಿ ಎರಡೂ ಬೆರೆತಿದ್ದವು, ಬೆಲೆ ಮಾತ್ರ ಒಂದೇ ಹೇಳಿದರು. ಇನ್ನೊಂದು ಎಚ್ಚರಿಕೆ: ಹಳೆಯ ಸಂರಚನೆಯನ್ನು ಅಳಿಸಿದರೂ ವಿಲ್ಯಾನ್‌ಗಳ ಪಟ್ಟಿ ಫ್ಲಾಶ್‌ನಲ್ಲಿ ‘ವಿಲ್ಯಾನ್.ಡ್ಯಾಟ್’ ಎಂಬ ಬೇರೆಯೇ ಕಡತದಲ್ಲಿ ಉಳಿದಿರುತ್ತದೆ. ನಾನು ತಂದ ಮೂರರಲ್ಲಿ ಒಂದರೊಳಗೆ, ಮನೆ ಖಾಲಿ ಮಾಡಿದ ಬಾಡಿಗೆದಾರ ಅಟ್ಟದ ಮೇಲೆ ಸಾಮಾನು ಬಿಟ್ಟು ಹೋದಂತೆ, ಯಾವುದೋ ಕಚೇರಿಯ ವಿಲ್ಯಾನ್‌ಗಳೆಲ್ಲ ಹಾಗೆಯೇ ಕುಳಿತಿದ್ದವು. ಆ ಕಡತವನ್ನು ಪ್ರತ್ಯೇಕವಾಗಿ ಅಳಿಸಿ ಸ್ವಿಚ್ಚನ್ನು ಮತ್ತೆ ಚಾಲೂ ಮಾಡಿದ ಮೇಲೆಯೇ ಅದನ್ನು ಉಳಿದವುಗಳ ಜೊತೆ ಸೇರಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂಟರ್ನೆಟ್ಟಿನಲ್ಲಿ ಮಾಹಿತಿ ಹೊತ್ತೊಯ್ಯುವ ಐಪಿ ಪ್ಯಾಕೆಟ್ಟಿಗೆ ಒಂದು ಆಯುಸ್ಸಿದೆ. ಪ್ರತಿ ರೂಟರ್ ದಾಟಿದಾಗಲೂ ಅದು ಒಂದೊಂದು ಕಡಿಮೆಯಾಗಿ ಸೊನ್ನೆಗೆ ಬಂದಾಗ ಪ್ಯಾಕೆಟ್ ಅಳಿಯುತ್ತದೆ. ಸ್ವಿಚ್‌ಗಳ ನಡುವೆ ಅದನ್ನು ಹೊರುವ ಈಥರ್ನೆಟ್ ಫ್ರೇಮಿಗೆ ಅಂಥ ಆಯುಸ್ಸಿಲ್ಲ. ಸ್ವಿಚ್‌ಗಳ ನಡುವೆ ಒಂದು ಸುತ್ತು ಉಂಟಾದರೆ ಎಲ್ಲರಿಗೂ ಎಂದು ಕಳಿಸಿದ ಬ್ರಾಡ್‌ಕಾಸ್ಟ್ ಫ್ರೇಮ್ ಅದರೊಳಗೆ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ, ಮಾತ್ರವಲ್ಲ, ಸುತ್ತುತ್ತ ಸುತ್ತುತ್ತ ಹೆಚ್ಚುತ್ತದೆ. ಇದಕ್ಕೆ ಪರಿಹಾರವಾಗಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ವಿಧಾನವೇ ಸ್ಪ್ಯಾನಿಂಗ್ ಟ್ರೀ. ಸ್ವಿಚ್‌ಗಳು ಪರಸ್ಪರ ಬಿಪಿಡಿಯು ಎಂಬ ಸಣ್ಣ ಸಂದೇಶಗಳನ್ನು ಕಳಿಸಿಕೊಂಡು ತಮ್ಮಲ್ಲೊಂದನ್ನು ರೂಟ್ ಎಂದು ಆರಿಸುತ್ತವೆ, ಅಲ್ಲಿಗೆ ಅತಿ ಕಡಿಮೆ ವೆಚ್ಚದ ದಾರಿಯನ್ನು ಉಳಿಸಿಕೊಂಡು ಮಿಕ್ಕ ದಾರಿಗಳನ್ನು ಬ್ಲಾಕ್ ಮಾಡುತ್ತವೆ. 1990ರಲ್ಲಿ ಇದು 802.1ಡಿ ಮಾನಕವಾಯಿತು. ವಿಲ್ಯಾನ್‌ಗಳ ಮಾನಕ 802.1ಕ್ಯೂ ಬಂದದ್ದು 1998ರಲ್ಲಿ. ಈ ಎಂಟು ವರ್ಷಗಳ ಅಂತರವೇ ಮುಂದಿನ ಎಲ್ಲ ತಲೆನೋವಿನ ಮೂಲ ಎಂದು ನನ್ನ ಅಭಿಪ್ರಾಯ. ವಿಲ್ಯಾನ್ ಎಂಬುದೇ ಇಲ್ಲದಿದ್ದಾಗ ರೂಪುಗೊಂಡ ಮರಕ್ಕೆ ಒಂದು ತಂತಿಯೊಳಗೆ ಹಲವು ನೆಟ್‌ವರ್ಕ್‌ಗಳು ಹರಿಯುತ್ತಿರಬಹುದೆಂಬ ಅರಿವಿರಲಿಲ್ಲ. 802.1ಕ್ಯೂ ಮಾನಕವೂ ಮೊದಲಿಗೆ ಎಲ್ಲ ವಿಲ್ಯಾನ್‌ಗಳಿಗೂ ಸೇರಿ ಒಂದೇ ಮರ ಸಾಕೆಂದಿತು. ಸಿಸ್ಕೊ ಮಾತ್ರ ವಿಲ್ಯಾನ್‌ಗೊಂದು ಮರ ಎಂಬ ತನ್ನದೇ ದಾರಿ ಹಿಡಿಯಿತು. ಪಿವಿಎಸ್‌ಟಿ ಪ್ಲಸ್ ಎಂಬ ಹೆಸರಿನ ಆ ದಾರಿಯೇ 2960 ಸ್ವಿಚ್ಚಿನ ಸಹಜ ಸ್ಥಿತಿ.

ಮೂರು ಸ್ವಿಚ್‌ಗಳನ್ನು ಕ, ಖ, ಗ ಎಂದು ಕರೆಯೋಣ. ಪ್ರತಿಯೊಂದರಲ್ಲೂ ಎರಡೆರಡು ಗಿಗಾಬಿಟ್ ಪೋರ್ಟ್‌ಗಳಿರುವುದರಿಂದ ಮೂರನ್ನೂ ತ್ರಿಕೋನವಾಗಿ ಜೋಡಿಸಲು ಅವು ಸರಿಯಾಗಿ ಸಾಲುತ್ತವೆ. ವಿಲ್ಯಾನ್ 10 ವಿದ್ಯಾರ್ಥಿಗಳಿಗೆ, ವಿಲ್ಯಾನ್ 20 ಕ್ಯಾಮೆರಾಗಳಿಗೆ. ವಿಲ್ಯಾನ್ 10ಕ್ಕೆ ಕ ರೂಟ್, ವಿಲ್ಯಾನ್ 20ಕ್ಕೆ ಖ ರೂಟ್, ಹಾಗೂ ಪ್ರತಿಯೊಂದಕ್ಕೂ ಇನ್ನೊಂದು ಮೀಸಲು ಎಂದು ನಿಗದಿಪಡಿಸಿದೆ. ಕೆಳಗಿನ ಗ ಸ್ವಿಚ್‌ನಲ್ಲಿ ‘ಶೋ ಸ್ಪ್ಯಾನಿಂಗ್-ಟ್ರೀ’ ಎಂದು ಕೇಳಿದರೆ ಒಂದರ ಕೆಳಗೊಂದು ಮರಗಳು ಮೂಡುತ್ತವೆ: ವಿಲ್ಯಾನ್ 10ರಲ್ಲಿ ಖ ಕಡೆಯ ಪೋರ್ಟ್ ಬ್ಲಾಕ್, ವಿಲ್ಯಾನ್ 20ರಲ್ಲಿ ಕ ಕಡೆಯ ಪೋರ್ಟ್ ಬ್ಲಾಕ್. ಅಂದರೆ ಎರಡು ಕೇಬಲ್‌ಗಳಲ್ಲಿ ಯಾವುದೂ ವ್ಯರ್ಥವಾಗಿ ಬಿದ್ದಿಲ್ಲ. ಒಂದು ತಂತಿ ಒಂದು ವಿಲ್ಯಾನಿಗೆ ಹೆದ್ದಾರಿ, ಇನ್ನೊಂದಕ್ಕೆ ಮುಚ್ಚಿದ ಗೇಟು. ಮುಂಭಾಗದ ದೀಪದಿಂದ ಮಾತ್ರ ಇದನ್ನು ತಿಳಿಯಲಾಗದು, ಏಕೆಂದರೆ ಪೋರ್ಟಿಗೆ ದೀಪ ಒಂದೇ, ಅದರ ಮೇಲಿನ ಮರಗಳು ಹಲವು.

ಇಲ್ಲಿ ಒಂದು ಸಣ್ಣ ಸಂಖ್ಯೆಯ ಮೇಲೆ ಓದುಗರು ಗಮನವಿಡಬೇಕೆಂದು ಕೋರುತ್ತೇನೆ, ಹಾಸ್ಟೆಲಿನ ಕಥೆ ನಿಂತಿರುವುದೇ ಅದರ ಮೇಲೆ. ಸ್ವಿಚ್ಚಿನ ಆದ್ಯತೆ 16 ಬಿಟ್‌ಗಳ ಸಂಖ್ಯೆ. ಹಲವು ಮರಗಳನ್ನು ಗುರುತಿಸುವ ಅಗತ್ಯ ಬಂದಾಗ ಅದರ 12 ಬಿಟ್‌ಗಳನ್ನು ವಿಲ್ಯಾನ್ ಸಂಖ್ಯೆಗೆ ಬಿಟ್ಟುಕೊಟ್ಟು ಆದ್ಯತೆಗೆ ನಾಲ್ಕನ್ನು ಮಾತ್ರ ಉಳಿಸಿದರು. ಆದ್ದರಿಂದಲೇ ಆದ್ಯತೆಯನ್ನು 4096ರ ಮೆಟ್ಟಿಲುಗಳಲ್ಲಿ ಮಾತ್ರ ಬದಲಿಸಬಹುದು. ಆದ್ದರಿಂದಲೇ ಮೂಲ ಆದ್ಯತೆ 32768 ಇರುವ 2960, ವಿಲ್ಯಾನ್ 10ರಲ್ಲಿ 32778 ಎಂದು ತೋರಿಸುತ್ತದೆ, ವಿಲ್ಯಾನ್ 1ರಲ್ಲಿ 32769 ಎಂದು. ಚುನಾವಣೆಯಲ್ಲಿ ಕಡಿಮೆ ಸಂಖ್ಯೆಯೇ ಗೆಲ್ಲುತ್ತದೆ. ಸಮವಾದರೆ ಕಡಿಮೆ ಮ್ಯಾಕ್ ವಿಳಾಸ (ತಯಾರಿಕೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ಗೆಲ್ಲುತ್ತದೆ.

ವೇಗದ ವಿಷಯದಲ್ಲಿ ಈ ಸ್ವಿಚ್ ಪೆಟ್ಟಿಗೆಯಿಂದ ಬಂದ ಸ್ಥಿತಿಯಲ್ಲಿ ನಿರಾಶೆಗೊಳಿಸುತ್ತದೆ. ಗ ಸ್ವಿಚ್‌ಗೆ ಹೊಂದಿಸಿದ ಲ್ಯಾಪ್‌ಟಾಪಿನಿಂದ ಪಿಂಗ್ (ಸಂಪರ್ಕ ಇದೆಯೆ ಎಂದು ಕೇಳುವ ಸಣ್ಣ ಸಂದೇಶ) ಓಡಿಸುತ್ತ, ವಿಲ್ಯಾನ್ 10 ಬಳಸುತ್ತಿದ್ದ ಕ ಕಡೆಯ ಕೇಬಲನ್ನು ಕಿತ್ತೆ. ಬ್ಲಾಕ್ ಆಗಿದ್ದ ಪೋರ್ಟ್ 15 ಸೆಕೆಂಡು ಆಲಿಸಿ, ಮತ್ತೆ 15 ಸೆಕೆಂಡು ಕಲಿತು, ಅರ್ಧ ನಿಮಿಷದ ಮೇಲೆ ತೆರೆದುಕೊಂಡಿತು. ಅದನ್ನು ಮತ್ತೆ ಜೋಡಿಸಿ, ಕ ಮತ್ತು ಖ ನಡುವಿನ ಕೇಬಲನ್ನು ಕಿತ್ತರೆ ಫಲಿತಾಂಶ ಇನ್ನೂ ಕೆಟ್ಟದು. ರೂಟಿನ ಸುದ್ದಿ ತಪ್ಪಿದ ಖ, ತಾನೇ ರೂಟ್ ಎಂದು ಘೋಷಿಸಿಕೊಳ್ಳುತ್ತದೆ. ಅಸಲಿ ರೂಟ್ ಬದುಕಿದೆಯೆಂದು ತಿಳಿದಿರುವ ಗ, ಆ ಘೋಷಣೆಗೆ ಉತ್ತರವನ್ನೇ ಕೊಡದೆ, ಹಳೆಯ ಮಾಹಿತಿ ಹಳಸುವ 20 ಸೆಕೆಂಡು ಮುಗಿಯುವವರೆಗೆ ಕಾದು, ಆಮೇಲೆ ಆಲಿಸಿ ಕಲಿಯುವ 30 ಸೆಕೆಂಡಿಗೆ ಕೂರುತ್ತದೆ. ಒಟ್ಟು 50 ಸೆಕೆಂಡು ಖ ಮೇಲಿನ ವಿಲ್ಯಾನ್ 10ರ ಬಳಕೆದಾರರಿಗೆ ನೆಟ್‌ವರ್ಕ್ ಇಲ್ಲ. ಮೂರರಲ್ಲೂ ‘ಸ್ಪ್ಯಾನಿಂಗ್-ಟ್ರೀ ಮೋಡ್ ರ‍್ಯಾಪಿಡ್-ಪಿವಿಎಸ್‌ಟಿ’ ಎಂಬ ಒಂದೇ ಸಾಲನ್ನು ಬರೆದ ಮೇಲೆ ಇದೇ ಪರೀಕ್ಷೆಗಳಲ್ಲಿ ಒಂದೆರಡು ಪಿಂಗ್ ತಪ್ಪಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. 2001ರಲ್ಲಿ 802.1ಡಬ್ಲ್ಯೂ ಎಂದು ಬಂದ ಈ ಕ್ಷಿಪ್ರ ವಿಧಾನದಲ್ಲಿ ಗ, ಖ ಹೇಳಿದ ತಪ್ಪನ್ನು ಆ ಕ್ಷಣವೇ ತಿದ್ದಿ ಇಬ್ಬರೂ ಕೈಕುಲುಕಿ ಪೋರ್ಟ್ ತೆರೆಯುತ್ತಾರೆ. ಈ ಸಾಲನ್ನು ಬರೆಯದೆ 2960 ಬಳಸುವುದು, ಸ್ಟ್ಯಾಂಡ್ ತೆಗೆಯದೆ ಬೈಕ್ ಓಡಿಸಿದಂತೆ.

ಮಿತಿಯೊಂದನ್ನು ಹೇಳದಿದ್ದರೆ ವಿಮರ್ಶೆ ಅಪೂರ್ಣ. ಲ್ಯಾನ್ ಬೇಸ್ ತಂತ್ರಾಂಶದ 2960 ಸ್ವಿಚ್ 255 ವಿಲ್ಯಾನ್‌ಗಳನ್ನು ಇಟ್ಟುಕೊಳ್ಳಬಲ್ಲದು, ಆದರೆ ಅದು ಕಟ್ಟಬಲ್ಲ ಮರಗಳು 128 ಮಾತ್ರ. ಲೆಕ್ಕ ಹೊಂದುವುದಿಲ್ಲ, ಅಲ್ಲವೆ? 129ನೆಯ ವಿಲ್ಯಾನ್ ಸೃಷ್ಟಿಸಿದರೆ ಸ್ವಿಚ್ ಅದನ್ನು ನಿರಾಕರಿಸುವುದಿಲ್ಲ. ಅದರ ಮೇಲೆ ಸ್ಪ್ಯಾನಿಂಗ್ ಟ್ರೀ ಓಡುವುದಿಲ್ಲ, ಅಷ್ಟೆ. ಟ್ರಂಕ್‌ಗಳಲ್ಲಿ, ಅಂದರೆ ಹಲವು ವಿಲ್ಯಾನ್‌ಗಳನ್ನು ಹೊರುವ ಸ್ವಿಚ್‌ಗಳ ನಡುವಿನ ಕೊಂಡಿಗಳಲ್ಲಿ, ಆ ವಿಲ್ಯಾನಿಗೆ ಅನುಮತಿ ಇದ್ದರೆ ತ್ರಿಕೋನ ಪೂರ್ತಿ ತೆರೆದೇ ಇರುತ್ತದೆ. ಇದು ತಯಾರಕರ ಕೈಪಿಡಿಯಲ್ಲೇ ಇರುವ ಮಾತು, ಆದರೆ ಕೈಪಿಡಿಯನ್ನು ಆ ಪುಟದವರೆಗೆ ಓದುವವರು ವಿರಳ. ಮರಕ್ಕೊಂದು ಬಿಪಿಡಿಯು, ಎರಡು ಸೆಕೆಂಡಿಗೊಮ್ಮೆ, ಪ್ರತಿ ಟ್ರಂಕಿನಲ್ಲೂ ಎಂಬ ಲೆಕ್ಕದಲ್ಲಿ ಈ ಪುಟ್ಟ ಪ್ರೊಸೆಸರಿನ ಮೇಲೆ ಬೀಳುವ ಹೊರೆಯೂ ಸಣ್ಣದಲ್ಲ. ಹತ್ತಿಪ್ಪತ್ತು ವಿಲ್ಯಾನ್‌ಗಳ ಕಟ್ಟಡಗಳಿಗೆ ಇದು ತಟ್ಟುವುದಿಲ್ಲ.

ಇನ್ನು ಹಾಸ್ಟೆಲ್. ಅಲ್ಲಿ ಇದೇ ಬಗೆಯ ಕ, ಖ, ಗ ತ್ರಿಕೋನ ಮೊದಲೇ ಇತ್ತು. ಹೊಸ ಬ್ಲಾಕ್ ಕಟ್ಟಿದಾಗ ಬೇರೊಬ್ಬ ಗುತ್ತಿಗೆದಾರರು ಬೇರೊಂದು ಕಂಪನಿಯ ಹೊಸ ಸ್ವಿಚ್ಚನ್ನು ತಂದು ಕೂರಿಸಿದರು. ಕಂಪನಿಯ ಹೆಸರು ಇಲ್ಲಿ ಬೇಡ, ಅದನ್ನು ಘ ಎನ್ನೋಣ. ಬ್ರೌಸರಿನಿಂದ ನಿರ್ವಹಿಸುವ, ನೋಡಲು ಚೆಂದದ ಸ್ವಿಚ್. ಪೆಟ್ಟಿಗೆಯ ಮೇಲೆ ಎಸ್‌ಟಿಪಿ, ಆರ್‌ಎಸ್‌ಟಿಪಿ, ಎಂಎಸ್‌ಟಿಪಿ (ಮೂಲ ಸ್ಪ್ಯಾನಿಂಗ್ ಟ್ರೀ, ಅದರ ಕ್ಷಿಪ್ರ ರೂಪ, ಹಲವು ಮರಗಳ ರೂಪ) ಎಂದು ಮೂರೂ ಹೆಸರುಗಳಿದ್ದವು, ಆರ್‌ಎಸ್‌ಟಿಪಿ ಚಾಲೂ ಇತ್ತು. ತ್ರಿಕೋನದ ಗಿಗಾಬಿಟ್ ಪೋರ್ಟ್‌ಗಳು ಮುಗಿದಿದ್ದರಿಂದ ಘ ಸ್ವಿಚ್ಚನ್ನು 100 ಮೆಗಾಬಿಟ್ ಪೋರ್ಟ್‌ಗಳ ಮೂಲಕ ಕ ಮತ್ತು ಖ ಎರಡಕ್ಕೂ ಹೊಂದಿಸಿದ್ದರು. ಹೊರೆ ಹಂಚುವ ಉದ್ದೇಶದಿಂದ ಕ ಕಡೆಯ ಟ್ರಂಕ್‌ನಲ್ಲಿ ವಿಲ್ಯಾನ್ 1 ಮತ್ತು 10ಕ್ಕೆ, ಖ ಕಡೆಯ ಟ್ರಂಕ್‌ನಲ್ಲಿ ವಿಲ್ಯಾನ್ 1 ಮತ್ತು 20ಕ್ಕೆ ಮಾತ್ರ ಅನುಮತಿ ಕೊಟ್ಟಿದ್ದರು. ತಿಂಗಳುಗಟ್ಟಲೆ ಯಾವ ದೂರೂ ಬರಲಿಲ್ಲ.

ಆ ಶನಿವಾರ ನಾನು ಬೇರಾವುದೋ ಕೆಲಸಕ್ಕೆ ಕ ಸ್ವಿಚ್ಚಿನೊಳಗೆ ಹೋಗಿದ್ದಾಗ ವಿಲ್ಯಾನ್ 1ರ ಮರವನ್ನು ನೋಡಿ ಬೆಚ್ಚಿಬಿದ್ದೆ: ರೂಟ್ ಆಗಿ ಕುಳಿತಿದ್ದದ್ದು ಘ! ವಿಲ್ಯಾನ್ 10 ಮತ್ತು 20ಕ್ಕೆ ಆದ್ಯತೆ ಕೊಟ್ಟಿದ್ದ ನಾವು ವಿಲ್ಯಾನ್ 1ನ್ನು ಮರೆತಿದ್ದೆವು. ಮೂರೂ 2960ಗಳು ಅಲ್ಲಿ 32769 ಎಂದು ಸ್ಪರ್ಧಿಸಿದರೆ, ವಿಲ್ಯಾನ್ ಸಂಖ್ಯೆಯನ್ನು ಸೇರಿಸುವ ಪದ್ಧತಿಯೇ ಇಲ್ಲದ ಘ 32768 ಎಂದು ಸ್ಪರ್ಧಿಸಿ ಒಂದೇ ಒಂದು ಅಂಕದಿಂದ ಗೆದ್ದಿತ್ತು. ಇದರಿಂದಾಗಿ ಕ ಮತ್ತು ಖ ನಡುವಿನ ಗಿಗಾಬಿಟ್ ಕೇಬಲ್ ವಿಲ್ಯಾನ್ 1ರ ಪಾಲಿಗೆ ಮುಚ್ಚಿಹೋಗಿ, ಸ್ವಿಚ್‌ಗಳ ನಿರ್ವಹಣೆಯ ಸಂಚಾರವೆಲ್ಲ ಹೊಸ ಬ್ಲಾಕಿನ 100 ಮೆಗಾಬಿಟ್ ದಾರಿಯನ್ನು ಬಳಸಿ ಹೋಗುತ್ತಿತ್ತು. ಇದು ತಪ್ಪೆಂಬುದರಲ್ಲಿ ಸಂದೇಹವಿರಲಿಲ್ಲ. ವಿಲ್ಯಾನ್ 1ಕ್ಕೆ ಕ ಸ್ವಿಚ್ಚನ್ನು ರೂಟ್ ಎಂದೂ ಖ ಸ್ವಿಚ್ಚನ್ನು ಮೀಸಲು ಎಂದೂ ಬರೆದೆ. ಒಂದೆರಡು ಸೆಕೆಂಡಿನಲ್ಲಿ ಮರ ಬದಲಾಯಿತು, ನಾನು ಕಾಫಿಗೆ ಎದ್ದೆ. ಲೋಟ ಕೈಗೆ ಬರುವ ಮೊದಲೇ ವಾರ್ಡನ್ ಕರೆ ಮಾಡಿದರು: “ಸಾರ್, ಹೊಸ ಬ್ಲಾಕಿನ ಕ್ಯಾಮೆರಾ ಒಂದೂ ಬರ್ತಿಲ್ಲ. ಹುಡುಗರ ವೈಫೈ ಚೆನ್ನಾಗೇ ಇದೆ, ಅದೊಂದೇ ಹೋಗಿರೋದು.”

ವಾರ್ಡನ್ ಅವರ ಎರಡನೆಯ ವಾಕ್ಯದಲ್ಲೇ ಉತ್ತರವಿತ್ತು, ನನಗೆ ಹೊಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ಘ ರೂಟ್ ಆಗಿದ್ದಷ್ಟು ದಿನ ಅದರ ಯಾವ ಪೋರ್ಟೂ ಬ್ಲಾಕ್ ಆಗುವ ಪ್ರಶ್ನೆಯೇ ಇರಲಿಲ್ಲ, ರೂಟಿನ ಪೋರ್ಟ್‌ಗಳು ಬ್ಲಾಕ್ ಆಗುವುದಿಲ್ಲ. ಬ್ಲಾಕ್ ಆಗಬೇಕಾದದ್ದು 2960ಗಳಲ್ಲಿ ಆಗುತ್ತಿತ್ತು, ಅವು ವಿಲ್ಯಾನ್ 1ಕ್ಕೆ ಮಾತ್ರ ಬ್ಲಾಕ್ ಮಾಡಿ ಉಳಿದವನ್ನು ಹಾಗೆಯೇ ಬಿಡುತ್ತಿದ್ದವು. ಕ ರೂಟ್ ಆದೊಡನೆ, ಸುತ್ತನ್ನು ಕಡಿಯುವ ಹೊಣೆ ಘ ಮೇಲೆ ಬಿತ್ತು. ಅದು ಖ ಕಡೆಯ ಪೋರ್ಟನ್ನು ಬ್ಲಾಕ್ ಮಾಡಿತು. ಘ ಬಳಿ ಇರುವುದು ಒಂದೇ ಮರ. ಅದು ಪೋರ್ಟ್ ಮುಚ್ಚಿದರೆ ಎಲ್ಲ ವಿಲ್ಯಾನ್‌ಗಳಿಗೂ ಮುಚ್ಚುತ್ತದೆ. ವಿಲ್ಯಾನ್ 20 ಇದ್ದದ್ದು ಆ ಪೋರ್ಟಿನ ಮೇಲೆ ಮಾತ್ರ. ಮರದ ದೃಷ್ಟಿಯಲ್ಲಿ ಇನ್ನೊಂದು ದಾರಿ ಇತ್ತು, ಆದರೆ ಆ ದಾರಿಯಲ್ಲಿ ಕ್ಯಾಮೆರಾಗಳಿಗೆ ಪ್ರವೇಶವಿರಲಿಲ್ಲ. ಎರಡೂ ಟ್ರಂಕ್‌ಗಳಲ್ಲಿ ಎರಡೂ ವಿಲ್ಯಾನ್‌ಗಳಿಗೆ ಅನುಮತಿ ಕೊಟ್ಟ ಮೇಲೆ ಕ್ಯಾಮೆರಾಗಳು ಬಂದವು. ಗುತ್ತಿಗೆದಾರರ ಜೋಡಣೆ ತಪ್ಪಾಗಿತ್ತು, ನನ್ನ ತಿದ್ದುಪಡಿ ಸರಿಯಾಗಿತ್ತು. ಆದರೂ ಅವರ ತಪ್ಪು ತಿಂಗಳುಗಟ್ಟಲೆ ನಡೆಯಿತು, ನನ್ನ ಸರಿ ಎರಡು ಸೆಕೆಂಡಿನಲ್ಲಿ ಕೆಡಿಸಿತು.

ಎರಡು ಭಾಷೆಗಳ ಸ್ವಿಚ್‌ಗಳು ಒಂದೇ ಟ್ರಂಕಿನಲ್ಲಿ ಹೇಗೆ ಮಾತಾಡುತ್ತವೆ ಎಂಬುದನ್ನು ಮೇಜಿನ ಮೇಲೆ ಪ್ಯಾಕೆಟ್ ಹಿಡಿದು ನೋಡಿದಾಗ ಚಿತ್ರ ಪೂರ್ಣವಾಯಿತು. 2960 ತನ್ನ ವಿಲ್ಯಾನ್ 1ರ ಮಾತನ್ನು ಟ್ಯಾಗ್ (ವಿಲ್ಯಾನ್ ಸಂಖ್ಯೆಯ ಚೀಟಿ) ಇಲ್ಲದೆ, ಮಾನಕದ 01-80-ಸಿ2-00-00-00 ವಿಳಾಸಕ್ಕೆ ಕಳಿಸುತ್ತದೆ. ಅನ್ಯ ಸ್ವಿಚ್ ಅದನ್ನು ಅರ್ಥಮಾಡಿಕೊಂಡು ಉತ್ತರಿಸುತ್ತದೆ. ಉಳಿದ ವಿಲ್ಯಾನ್‌ಗಳ ಬಿಪಿಡಿಯುಗಳು ಅದರದರ ಟ್ಯಾಗ್ ಹೊತ್ತು 01-00-0ಸಿ-ಸಿಸಿ-ಸಿಸಿ-ಸಿಡಿ ಎಂಬ ಸಿಸ್ಕೊದ ಸ್ವಂತ ವಿಳಾಸಕ್ಕೆ ಹೋಗುತ್ತವೆ. ಅನ್ಯ ಸ್ವಿಚ್ಚಿಗೆ ಅದೊಂದು ಸಾಮಾನ್ಯ ಮಲ್ಟಿಕಾಸ್ಟ್ (ಗುಂಪಿಗೆ ಕಳಿಸಿದ) ಫ್ರೇಮ್. ಲಕೋಟೆಯ ವಿಳಾಸ ಓದಲು ಬಾರದ ಅಂಚೆಯವನು ಆ ಬೀದಿಯ ಎಲ್ಲ ಮನೆಗೂ ಹಾಕಿ ಹೋಗುವಂತೆ, ಆ ವಿಲ್ಯಾನಿನ ಎಲ್ಲ ತೆರೆದ ಪೋರ್ಟ್‌ಗಳಿಗೂ ಹರಡಿಬಿಡುತ್ತದೆ. ಹೀಗೆ ನಡುವೆ ಪರಕೀಯ ಸ್ವಿಚ್ ಇದ್ದರೂ ಎರಡು ಸಿಸ್ಕೊ ಸ್ವಿಚ್‌ಗಳು ವಿಲ್ಯಾನ್ 20ರ ಸುತ್ತನ್ನು ಅದರ ಮೂಲಕವೇ ಪತ್ತೆ ಹಚ್ಚಬಲ್ಲವು. ಜಾಣತನದ ವಿನ್ಯಾಸ ಇದು. ಆದರೆ ಆ ಪರಕೀಯ ಸ್ವಿಚ್ಚಿನ ಪೋರ್ಟ್ ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದನ್ನು ನಿರ್ಧರಿಸುವುದು ವಿಲ್ಯಾನ್ 1ರ ಮರವೊಂದೇ. ಯಾರೂ ಬಳಸದ ವಿಲ್ಯಾನ್ ಎಂದು ನಾವು ಅಲಕ್ಷಿಸುವ 1, ಬೆರಕೆ ನೆಟ್‌ವರ್ಕ್‌ನಲ್ಲಿ ಯಜಮಾನ.

ದಾರಿಯ ವೆಚ್ಚದಲ್ಲೂ ಇಂಥದೇ ಭಾಷಾಭೇದವಿದೆ. 2960 ಹಳೆಯ ಸಣ್ಣ ಅಳತೆಯಲ್ಲಿ 100 ಮೆಗಾಬಿಟ್ಟಿಗೆ 19, ಗಿಗಾಬಿಟ್ಟಿಗೆ 4 ಎನ್ನುತ್ತದೆ. ಘ ಹೊಸ ಅಳತೆಯಲ್ಲಿ 2,00,000 ಮತ್ತು 20,000 ಎನ್ನುತ್ತದೆ. ಇಬ್ಬರ ಸಂಖ್ಯೆಗಳೂ ಒಂದೇ ತಕ್ಕಡಿಗೆ ಬೀಳುವುದರಿಂದ ಘ ಮೂಲಕದ ದಾರಿ ಸದಾ ಚಿನ್ನದ ಬೆಲೆಯದಾಗಿ ಕಾಣುತ್ತದೆ.

ಬೆರಕೆ ಇರುವಲ್ಲಿ ಸರಿಯಾದ ದಾರಿ ಎಂಎಸ್‌ಟಿಪಿ, ಅಂದರೆ 2002ರ 802.1ಎಸ್. ನೂರು ವಿಲ್ಯಾನ್ ಇದ್ದರೂ ತ್ರಿಕೋನದಲ್ಲಿ ಬೇಕಾದ ಮರಗಳು ಎರಡೇ ಎಂಬ ಸರಳ ತಿಳಿವಿನ ಮೇಲೆ ಇದು ನಿಂತಿದೆ: ವಿಲ್ಯಾನ್‌ಗಳನ್ನು ಗುಂಪು ಮಾಡಿ ಗುಂಪಿಗೊಂದು ಮರ ಕೊಡುವುದು, ಎಲ್ಲ ಮರಗಳ ಸುದ್ದಿಯನ್ನೂ ಒಂದೇ ಬಿಪಿಡಿಯುನಲ್ಲಿ ಕಳಿಸುವುದು. 2960 ಇದನ್ನು ಚೆನ್ನಾಗಿಯೇ ನಡೆಸುತ್ತದೆ. ಷರತ್ತು ಮಾತ್ರ ಕಟ್ಟುನಿಟ್ಟು. ಪ್ರದೇಶದ ಹೆಸರು, ಪರಿಷ್ಕರಣ ಸಂಖ್ಯೆ, ಯಾವ ವಿಲ್ಯಾನ್ ಯಾವ ಗುಂಪಿಗೆ ಎಂಬ ಪಟ್ಟಿ, ಈ ಮೂರೂ ಎಲ್ಲ ಸ್ವಿಚ್‌ಗಳಲ್ಲೂ ಅಕ್ಷರಶಃ ಒಂದೇ ಇರಬೇಕು. ನಾನು ಘ ಸ್ವಿಚ್ಚಿನ ಬ್ರೌಸರ್ ಪುಟದಲ್ಲಿ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ದೊಡ್ಡದಾಗಿ ಬರೆದೆ, 2960ಗಳಲ್ಲಿ ಚಿಕ್ಕದಾಗಿ. ಅಷ್ಟಕ್ಕೇ ಅದು ಬೇರೆ ಪ್ರದೇಶವಾಗಿ, ಮತ್ತೆ ಒಂದೇ ಮರದ ಸ್ವಿಚ್ಚಿನಂತೆ ವರ್ತಿಸತೊಡಗಿತು. ದೋಷದ ಸಂದೇಶ ಎಲ್ಲಿಯೂ ಬರುವುದಿಲ್ಲ. ಮುಂದೆ ಬೇಕಾಗಬಹುದಾದ ವಿಲ್ಯಾನ್‌ಗಳನ್ನೂ ಮೊದಲೇ ಗುಂಪಿಗೆ ಹಂಚಿಟ್ಟರೆ ಒಳ್ಳೆಯದು, ಪಟ್ಟಿ ತಿದ್ದಿದಾಗಲೆಲ್ಲ ಆ ಸ್ವಿಚ್ ಪ್ರದೇಶದಿಂದ ಹೊರಬೀಳುತ್ತದೆ. ಒಂದೇ ಗುಂಪಿನ ಎರಡು ವಿಲ್ಯಾನ್‌ಗಳನ್ನು ಎರಡು ಬೇರೆ ಟ್ರಂಕ್‌ಗಳಿಗೆ ಹಂಚಿದರೆ ಹಾಸ್ಟೆಲಿನ ಕಥೆಯೇ ಮರುಕಳಿಸುತ್ತದೆ ಎಂಬುದನ್ನೂ ಪರೀಕ್ಷಿಸಿ ಖಚಿತಪಡಿಸಿಕೊಂಡೆ. ದಸರಾ ರಜೆಯಲ್ಲಿ ಹಾಸ್ಟೆಲ್ ಖಾಲಿ ಇದ್ದಾಗ ನಾಲ್ಕನ್ನೂ ಎಂಎಸ್‌ಟಿಪಿಗೆ ಬದಲಾಯಿಸಿದೆ. ಅಂದಿನಿಂದ ಘ ಸ್ವಿಚ್ಚಿನ ಎರಡೂ ಕೇಬಲ್‌ಗಳು ದುಡಿಯುತ್ತಿವೆ, ವಿಲ್ಯಾನ್ 10 ಒಂದರ ಮೇಲೆ, 20 ಇನ್ನೊಂದರ ಮೇಲೆ.

ಹಾಗಾದರೆ 2960 ಕೊಳ್ಳಬಹುದೆ? ಕಲಿಯುವವರು ಕಣ್ಣುಮುಚ್ಚಿ ಕೊಳ್ಳಬಹುದು, ಒಂದಲ್ಲ, ಮೂರು. ತ್ರಿಕೋನವಿಲ್ಲದೆ ಸ್ಪ್ಯಾನಿಂಗ್ ಟ್ರೀ ಕಲಿಯಲಾಗದು. ಕಂಪ್ಯೂಟರಿನೊಳಗಿನ ಸಿಮ್ಯುಲೇಟರ್‌ಗಳು ಆದೇಶ ಕಲಿಸುತ್ತವೆ, ಕೇಬಲ್ ಕಿತ್ತಾಗ 50 ಸೆಕೆಂಡು ಎಷ್ಟು ದೀರ್ಘವೆಂಬುದನ್ನು ಕಲಿಸುವುದಿಲ್ಲ. ನಡೆಯುತ್ತಿರುವ ಕಟ್ಟಡಕ್ಕೆ ಹೊಸದಾಗಿ ಹಾಕುವುದಾದರೆ ನನ್ನ ಸಲಹೆ ಬೇಡ ಎಂದೇ: ಭದ್ರತಾ ತಿದ್ದುಪಡಿಗಳು ಬರುವುದಿಲ್ಲ, ಪೋರ್ಟ್ ವೇಗವೂ ಇಂದಿಗೆ ಸಾಲದು. ಈಗಾಗಲೇ ಇರುವವರು ರ‍್ಯಾಪಿಡ್ ಮೋಡಿಗೆ ಬದಲಾಯಿಸಿ, ವಿಲ್ಯಾನ್ 1ಕ್ಕೂ ಸೇರಿ ರೂಟನ್ನು ತಾವೇ ಆರಿಸಿ, ಬಳಕೆದಾರರ ಪೋರ್ಟ್‌ಗಳಿಗೆ ಪೋರ್ಟ್‌ಫಾಸ್ಟ್ (ಕಾಯದೆ ಪೋರ್ಟ್ ತೆರೆಯುವುದು) ಮತ್ತು ಬಿಪಿಡಿಯು ಗಾರ್ಡ್ (ಬಿಪಿಡಿಯು ಬಂದೊಡನೆ ಪೋರ್ಟ್ ಮುಚ್ಚುವುದು) ಹಾಕಿ ಬಳಸಬಹುದು. ಹಾಸ್ಟೆಲ್ ಕೋಣೆಯಲ್ಲಿ ಯಾರಾದರೂ ಒಂದೇ ಪ್ಯಾಚ್ ಕಾರ್ಡಿನ ಎರಡೂ ತುದಿಗಳನ್ನು ಗೋಡೆಗೆ ಚುಚ್ಚುವುದು ಊಹೆಯ ಮಾತಲ್ಲ.

ಬದಲಿಗೆ ಹೊಸ ಸ್ವಿಚ್ ಕೊಳ್ಳಲು ಹೊರಟಾಗ ಈಗ ನಾನು ಮೂರು ಪ್ರಶ್ನೆ ಕೇಳುತ್ತೇನೆ: ಎಷ್ಟು ಮರ ಕಟ್ಟುತ್ತದೆ, ಪೋರ್ಟಿನ ಸ್ಥಿತಿಯನ್ನು ಮರವಾರು ತೋರಿಸುತ್ತದೆಯೆ, ವೆಚ್ಚದ ಅಳತೆಯನ್ನು ಬದಲಿಸಬಹುದೆ. ಹೋದ ತಿಂಗಳು ಎಸ್.ಪಿ. ರಸ್ತೆಯಲ್ಲೇ ಕೇಳಿದಾಗ ಕೌಂಟರಿನ ಹಿಂದಿದ್ದ ಹುಡುಗ ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿ, “ಎಲ್ಲಾ ಇದೆ ಸಾರ್, ಇಲ್ಲೇ ಬರೆದಿದೆ ನೋಡಿ” ಎಂದ. ಅಲ್ಲಿ ಎಸ್‌ಟಿಪಿ, ಆರ್‌ಎಸ್‌ಟಿಪಿ, ಎಂಎಸ್‌ಟಿಪಿ ಎಂದು ಬರೆದಿತ್ತು.